ಬ್ಯಾಕಪ್ ತೆಗೆಯುತ್ತಿದ್ದ ಅಕ್ಕ

ಮಂಗಳವಾರ ಬೆಳಿಗ್ಗೆ 10.40. ಹೊಲಿಗೆ ಕಾರ್ಖಾನೆಯ ಕೆಲಸದಾಕೆಯೊಬ್ಬಳು ಆರು ವರ್ಷದ ಮಗಳನ್ನು ಎತ್ತಿಕೊಂಡು ಠಾಣೆಗೆ ಬಂದಳು. ಶಾಲೆಯ ಗೇಟಿನ ಬಳಿ ಗಂಡ ಮಗುವನ್ನು ಎಳೆದೊಯ್ಯಲು ನೋಡಿದ್ದ. ಶಿಕ್ಷಕಿ ಕೂಗಿಕೊಂಡಿದ್ದರಿಂದ ಓಡಿಹೋಗಿದ್ದ. ಅವನ ಹೊಡೆತ ತಾಳಲಾರದೆ ಆಕೆ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಮಹಿಳಾ ಆಶ್ರಯ ಕೇಂದ್ರದವರು ತಾಯಿ ಮಗಳಿಬ್ಬರಿಗೂ ಬೇರೆ ಹೆಸರು, ಬೇರೆ ವಿಳಾಸ ಮಾಡಿಕೊಟ್ಟಿದ್ದರು.

“ಹೊಸ ಹೆಸರು ಹಿಡಿದೇ ಕರೆದ ಸಾರ್.”

“ಆ ಹೆಸರು ನಿಮ್ಮದೇ ಅಂತ ಯಾರಿಗೆ ಗೊತ್ತು?” ಇನ್‌ಸ್ಪೆಕ್ಟರ್ ಕೇಳಿದರು.

“ಕೇಂದ್ರದವರಿಗೆ ಮಾತ್ರ. ಆದ್ರೆ ಅಲ್ಲಿ ನಂಗೆ ಕೆಟ್ಟದ್ದು ಬಯಸೋರು ಯಾರೂ ಇಲ್ಲ. ಸ್ವಾಗತದ ಮೇಜಿನ ಅಕ್ಕ ಇದ್ದಾರೆ. ಮೊದಲ ದಿನ ಇಡೀ ನನ್ನ ಪಕ್ಕದಲ್ಲೇ ಕೂತಿದ್ರು.”

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಗಂಡನ ಮೊಬೈಲ್ ಆಫ್ ಆಗಿತ್ತು.

ಕೇಂದ್ರದ ಸರ್ವರ್ ಇದ್ದದ್ದು ಹಾಸಿಗೆ ಹೊದಿಕೆಗಳನ್ನಿಡುವ ಕೋಣೆಯ ಒಂದು ಮೂಲೆಯಲ್ಲಿ. ಅದನ್ನು ನೋಡಿಕೊಳ್ಳುವ ಅಡ್ಮಿನ್ ಸಣಕಲು ಮನುಷ್ಯ, ಎಡಗೈಗೆ ಪಟ್ಟಿ. ಹೊಸ ಹೆಸರು, ವಿಳಾಸಗಳ ಕಡತವನ್ನು ತೆರೆಯಲು ಕೇಂದ್ರದ ಮುಖ್ಯಸ್ಥೆಗೂ ತನಗೂ ಮಾತ್ರ ಸಾಧ್ಯ ಎಂದ. ಮುಖ್ಯಸ್ಥೆ ಎರಡು ತಿಂಗಳಿಂದ ಅದನ್ನು ಮುಟ್ಟಿಲ್ಲವೆಂದು ದಾಖಲೆ ಹೇಳುತ್ತಿತ್ತು.

“ಹಾಗಾದ್ರೆ ಉಳಿದೋರು ನೀವೇ.”

“ನಾನಲ್ಲ ಸಾರ್. ನಾನೂ ತೆರೆದಿಲ್ಲ, ನೋಡಿ.”

ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಕೇಳಿದಳು: “ತೆರೀದೇನೇ ನಕಲು ಮಾಡೋಕಾಗುತ್ತಾ?”

ಅಡ್ಮಿನ್ ಪರದೆಯಿಂದ ಕಣ್ಣು ತೆಗೆದು ಅವಳತ್ತ ತಿರುಗಿದ.

“ಬ್ಯಾಕಪ್‌ನಲ್ಲಿ ಆಗುತ್ತೆ ಮೇಡಂ. ಬುಧವಾರ ನಂಗೆ ಡಯಾಲಿಸಿಸ್ ಇರುತ್ತೆ. ಬ್ಯಾಕಪ್ ನಿಲ್ಲಬಾರದು. ಅಡ್ಮಿನ್ ಪಾಸ್‌ವರ್ಡ್ ಬೇರೆಯವರಿಗೆ ಕೊಡೋ ಹಾಗಿಲ್ಲ. ಅದಕ್ಕೆ ಸ್ವಾಗತದ ಮೇಜಿನ ಅಕ್ಕನ ಖಾತೆಗೆ ಬ್ಯಾಕಪ್ ತೆಗೆಯೋ ಅಧಿಕಾರ ಮಾತ್ರ ಕೊಟ್ಟೆ. ಅವರು ಇಲ್ಲಿ ಆ ಕಡತ ತೆರೆದು ಓದೋಕೆ ಆಗಲ್ಲ.”

“ನಕಲನ್ನ ಬೇರೆ ಕಂಪ್ಯೂಟರಿಗೆ ಹಾಕಿದ್ರೆ?”

“ಅಲ್ಲಿ ಅವರದ್ದೇ ಯಜಮಾನಿಕೆ. ತೆರೆದು ಓದಬಹುದು.”

“ಅಂದ್ರೆ ಪೆಟ್ಟಿಗೆಗೆ ಬೀಗ ಹಾಕಿ, ಪೆಟ್ಟಿಗೆನೇ ಹೊತ್ತುಕೊಂಡು ಹೋಗಿ ಅಂದ ಹಾಗಾಯ್ತಲ್ಲ!” ಎಂದಳು ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ಬ್ಯಾಕಪ್ ದಾಖಲೆಯನ್ನು ಮುದ್ರಿಸಿ ಕೊಡಲು ಹೇಳಿದರು. ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಒಂದೇ ಬ್ಯಾಕಪ್. ಕಳೆದ ಬುಧವಾರ ಮಾತ್ರ ಎರಡು. 3.50ರ ಎರಡನೆಯದು ನಾಲ್ಕೇ ನಿಮಿಷದ್ದು. ಅದರಲ್ಲಿದ್ದದ್ದು ವಿಳಾಸಗಳ ಕಡತವೊಂದೇ. ಅದನ್ನು ತುಂಬಿಕೊಂಡ ಡಿಸ್ಕ್ ಕೇಂದ್ರದ್ದಲ್ಲ.

ಅಡ್ಮಿನ್ ಅಲ್ಲೇ ಹೊದಿಕೆಗಳ ರಾಶಿಯ ಮೇಲೆ ಕುಸಿದು ಕೂತ. “‘ನೀನು ನಿಶ್ಚಿಂತೆಯಿಂದ ಹೋಗಿ ಬಾರಪ್ಪ, ನಾನಿದ್ದೀನಲ್ಲ’ ಅಂದಿದ್ರು ಸಾರ್. ಒಡಹುಟ್ಟಿದ ಅಕ್ಕನ್ನೂ ನಾನು ಅಷ್ಟು ನಂಬಿರಲಿಲ್ಲ.”

ಅಕ್ಕನಿಗೆ ಐವತ್ತೈದರ ಸುಮಾರು. ಹದಿನಾಲ್ಕು ವರ್ಷದಿಂದ ಅದೇ ಮೇಜು.

“ಕಳೆದ ಬುಧವಾರ ಎಷ್ಟು ಸಲ ಬ್ಯಾಕಪ್ ತೆಗೆದ್ರಿ?”

“ಒಂದು ಸಲ.”

ಇನ್‌ಸ್ಪೆಕ್ಟರ್ ಮುದ್ರಿತ ಹಾಳೆಯನ್ನು ಮುಂದಿಟ್ಟರು. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಳ್ಳಲಿಲ್ಲ.

“ಡಿಸ್ಕ್ ಎಲ್ಲಿದೆ?”

“ಮನೇಲಿ.”

“ಆ ತಾಯಿ ಮಗಳ ವಿಳಾಸ ಯಾರಿಗೆ ಕೊಟ್ರಿ?”

“ಆ ಮಗುವಿನ ಅಜ್ಜಿಗೆ. ಆಕೆ ಗಂಡನ ತಾಯಿಗೆ. ಮೂರು ಸಲ ಬಂದು ಇಲ್ಲೇ ಕೂತು ಅತ್ತರು. ದೂರದಿಂದ ಒಂದು ಸಲ ನೋಡಿ ಬರ್ತೀನಿ, ಮಗನಿಗೆ ಹೇಳಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ರು.”

“ಮಗನಿಗೆ ಹೇಳಿದಾರೆ. ಇವತ್ತು ಶಾಲೆ ಹತ್ತಿರ ಹೋಗಿದ್ದ. ಮಗುವನ್ನ ಎಳೆದಾಡಿದ.”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು.

ಮಧ್ಯಾಹ್ನ 3.20ಕ್ಕೆ ಇಬ್ಬರು ಪಂಚರ ಸಮಕ್ಷಮ ಅಕ್ಕನ ಮನೆಯಲ್ಲಿ ಪಂಚನಾಮೆ ನಡೆಯಿತು. ಬೀರುವಿನಲ್ಲಿ, ಇಸ್ತ್ರಿ ಮಾಡಿ ಜೋಡಿಸಿಟ್ಟ ಹುಡುಗಿಯ ಬಟ್ಟೆಗಳ ಕೆಳಗೆ ಡಿಸ್ಕ್ ಸಿಕ್ಕಿತು. ಮನೆಯಲ್ಲಿ ಹುಡುಗಿ ಯಾರೂ ಇರಲಿಲ್ಲ. ಸಂಜೆ 5.15ಕ್ಕೆ ಗಂಡ ತನ್ನ ತಾಯಿಯ ಮನೆಯ ಅಟ್ಟದ ಮೇಲೆ ಸಿಕ್ಕಿಬಿದ್ದ. ಅಜ್ಜಿ ಎರಡನೇ ಆರೋಪಿಯಾದಳು, ಅಕ್ಕ ಮೂರನೆಯವರು.

ಠಾಣೆಯಲ್ಲಿ ಅಕ್ಕ ಹೇಳಿಕೆ ಕೊಟ್ಟರು. ಒಬ್ಬಳೇ ಮಗಳು ಕೈಗೂಸನ್ನು ಎತ್ತಿಕೊಂಡು ಗಂಡನ ಮನೆ ಬಿಟ್ಟು ಆರು ವರ್ಷ. ಬೀರುವಿನಲ್ಲಿದ್ದ ಬಟ್ಟೆಗಳು ಅವಳವೇ. ಅಳಿಯ ಹೊಡೆಯುತ್ತಾನೆ ಎಂದಾಗ ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿದ್ದು ತಾನೇ. ಆಮೇಲೆ ಒಂದು ಫೋನೂ ಇಲ್ಲ. ಅವಳೂ ಇಂಥದ್ದೇ ಯಾವುದೋ ಕೇಂದ್ರದ ಕಡತದಲ್ಲಿ ಹೊಸ ಹೆಸರಿನಲ್ಲಿ ಇರಬಹುದು. ಬದುಕಿದ್ದಾಳೆ ಎಂದು ಯಾರಾದರೂ ಕದ್ದಾದರೂ ಹೇಳಿದ್ದರೆ ಸಾಕಿತ್ತು ಎಂದು ಬರೆಸಿ ಸಹಿ ಹಾಕಿದರು.

ಹೊರಗೆ ಬೆಂಚಿನ ಮೇಲೆ ತಾಯಿ ಮಗಳು ಕೂತಿದ್ದರು. ವಿಳಾಸ ಕೊಟ್ಟದ್ದು ಯಾರೆಂದು ತಾಯಿಗೆ ಆಗಲೇ ತಿಳಿಸಿದ್ದರು. ಕಾನ್‌ಸ್ಟೆಬಲ್ ಜೊತೆಯಲ್ಲಿ ಬರುತ್ತಿದ್ದ ಅಕ್ಕನನ್ನು ಕಂಡು ಮಗು ನಗುತ್ತಾ ಓಡಿಹೋಗಲು ಎದ್ದಿತು. ತಾಯಿ ಫ್ರಾಕಿನ ಚುಂಗು ಹಿಡಿದು ನಿಲ್ಲಿಸಿದಳು.

“ಬೇಡ ಕಂದ,” ಎಂದಳು. “ಅವರು ಯಾರೋ.”