ಪಡುವಣ ಬಾಗಿಲು

"ನಾಳೆ ಖಂಡಿತ ತರ್ತೀನಿ ಮೇಡಂ."

ಫೋನ್ ಇಟ್ಟು ಪವಿತ್ರ ಒಂದು ಕ್ಷಣ ಕಣ್ಣು ಮುಚ್ಚಿದಳು. ಇದೇ ಮಾತನ್ನು ಪ್ರೇಮ್‌ಕುಮಾರ್ ಹದಿನೆಂಟು ದಿನಗಳಿಂದ ಹೇಳುತ್ತಿದ್ದ. ಹೇಳುವ ದನಿ ಎಷ್ಟು ಮೃದುವಾಗಿತ್ತೆಂದರೆ, ಬೈಯಲೆಂದು ಬಾಯಿ ತೆರೆದವಳು ಪ್ರತಿ ಸಲವೂ "ಸರಿ" ಎಂದು ಸುಮ್ಮನಾಗುತ್ತಿದ್ದಳು. ಆಮೇಲೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಎದುರಿಗೆ ಸಸಿ ಬೆಳೆಸುವ ಹೊಸ ಪಾಲಿಟನಲ್ ಜುಲೈ ತಿಂಗಳ ಮಂಕು ಬಿಸಿಲಲ್ಲಿ ಹಾಲುಬಿಳುಪಾಗಿ ಹೊಳೆಯುತ್ತಿತ್ತು. ಮೂವತ್ತಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಏಳು ಕಬ್ಬಿಣದ ಕಮಾನುಗಳ ಮೇಲೆ ಬಿಗಿದು ಎಳೆದ ಪ್ಲಾಸ್ಟಿಕ್ ಹಾಳೆ. ಮೂಡಣ ತುದಿಗೆ ಚೊಕ್ಕವಾದ ಬಾಗಿಲು. ಪಡುವಣ ತುದಿ ಮಾತ್ರ ಅವನು ತರಬೇಕಾದ ಬಾಗಿಲಿಲ್ಲದೆ ಬಾಯಿ ತೆರೆದುಕೊಂಡು ನಿಂತಿತ್ತು. ಅಲ್ಲಿಗೊಂದು ಹಳೇ ಟಾರ್ಪಾಲು ಕಟ್ಟಿದ್ದಳು. ಗಾಳಿ ಬಂದಾಗಲೆಲ್ಲ ಅದು ಪಟಪಟ ಬಡಿದುಕೊಳ್ಳುತ್ತಿತ್ತು.

ಯಾದವಗಿರಿಯ ಹಳೇ ಬಂಗಲೆಯೊಂದರ ಹಿಂದಿನ ಖಾಲಿ ಜಾಗದಲ್ಲಿ ಅವಳು ನರ್ಸರಿ ಶುರುಮಾಡಿ ಐದು ವರ್ಷವಾಗಿತ್ತು. ಸುತ್ತಲಿನ ಮನೆಗಳವರು ದಸರಾಕ್ಕೆ ತೋಟ ಸಿಂಗರಿಸಲು ಅವಳ ಸಸಿಗಳನ್ನೇ ನೆಚ್ಚಿದ್ದರು. ದಸರಾ ಹೊತ್ತಿಗೆ ಹೂ ಬಿಡಬೇಕೆಂದರೆ ಮಳೆಗಾಲದಲ್ಲೇ ಬಿತ್ತಬೇಕು. ಹೋದ ವರ್ಷ ಮಳೆ ಹಿಡಿದುಕೊಂಡು ಸಸಿಗಳೆಲ್ಲ ಬುಡ ಕೊಳೆತು ಮಲಗಿದ್ದವು. ಮೂವತ್ತೆರಡು ಮನೆಗಳ ಬೆಲ್ ಒತ್ತಿ ಒಂದೊಂದರಲ್ಲೂ ಕ್ಷಮೆ ಕೇಳಿ ಬಂದಿದ್ದಳು. ಇನ್ನೊಂದು ಸಲ ಹಾಗಾದರೆ ಯಾರೂ ತನ್ನನ್ನು ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅದಕ್ಕೇ ಮೇ ತಿಂಗಳಲ್ಲಿ ಲಷ್ಕರ್ ಮೊಹಲ್ಲಾದ ಆ ವೆಲ್ಡಿಂಗ್ ಅಂಗಡಿಗೆ ಹೋಗಿದ್ದು. ಬಾಗಿಲಲ್ಲೇ ಒಬ್ಬ ಬಗ್ಗಿ ಕೂತು ಪೈಪನ್ನು ಕಮಾನಿನಂತೆ ಬಾಗಿಸುತ್ತಿದ್ದ.

"ಓನರ್ ಇಲ್ವಾ?" ಎಂದು ಕೇಳಿದಳು.

"ಒಳಗೆ ಬನ್ನಿ."

"ಕೆಲಸದವರ ಹತ್ರ ಅಲ್ಲ, ಓನರ್ ಹತ್ರಾನೇ ಮಾತಾಡ್ಬೇಕು."

ಅವನು ಪೈಪು ಕೆಳಗಿಟ್ಟು ಒಳಗೆ ಹೋದ. ಮುಖ ತೊಳೆದು, ಒಂದು ಕುರ್ಚಿ ಹಿಡಿದುಕೊಂಡು ಬಂದು ಅವಳೆದುರು ಹಾಕಿದ. "ಈಗ ಹೇಳಿ ಮೇಡಂ. ಓನರ್ ಬಂದ." ಮೀಸೆಯಡಿಯ ನಗುವನ್ನು ಅಡಗಿಸಲು ಪ್ರೇಮ್‌ಕುಮಾರ್ ಪಟ್ಟ ಪ್ರಯತ್ನ ಪೂರ್ತಿ ಫಲಿಸಲಿಲ್ಲ. ಪವಿತ್ರಳ ಕಿವಿ ಬಿಸಿಯಾಯಿತು.

ಅವಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. "ನಂಗೆ ಇಂಥ ಪಾಲಿಹೌಸ್ ಬೇಕು."

"ಇದು ಎಕರೆಗಟ್ಲೆ ಗುಲಾಬಿ ಬೆಳೆಯೋರಿಗೆ. ನಿಮ್ಮ ಜಾಗಕ್ಕೆ ಪಾಲಿಟನಲ್ ಸಾಕು. ಎತ್ತರ ಕಮ್ಮಿ, ಗಾಳಿಗೆ ಜಗ್ಗಲ್ಲ."

"ಮಾಮೂಲಿ ಪ್ಲಾಸ್ಟಿಕ್ ಹಾಕ್ಬೋದಲ್ವಾ?"

"ಹಾಕ್ಬೋದು. ಒಂದು ಬೇಸಿಗೆ ಕಳೆಯೋಷ್ಟ್ರಲ್ಲಿ ಹಪ್ಪಳದ ಥರ ಮುರಿಯುತ್ತೆ. ಯುವಿ ಹಾಳೆ ತಗೊಳ್ಳಿ, ಬಿಸಿಲು ತಡೆಯುತ್ತೆ."

ಜಾಗ ನೋಡಲು ಬಂದ ದಿನ ಇನ್ನೊಂದು ಜಗಳ. ಬೆಳಕು ಸಮನಾಗಿ ಬೀಳಲಿ ಎಂದು ಅವಳಿಗೆ ಟನಲ್ ಉತ್ತರ ದಕ್ಷಿಣವಾಗಿ ಬೇಕಿತ್ತು. ಅವನು ಒಂದು ಹಿಡಿ ಒಣ ಮಣ್ಣು ಎತ್ತಿ ಗಾಳಿಗೆ ಬಿಟ್ಟ. ಅದು ಪಡುವಣದಿಂದ ಹಾರಿಬಂದು ಅವಳ ಸೆರಗಿಗೆ ಮೆತ್ತಿಕೊಂಡಿತು. "ಮಳೆಗಾಲದ ಗಾಳಿ ಹಿಂಗೇ ಬರೋದು. ಉದ್ದದ ಮಗ್ಗುಲಿಗೆ ಹೊಡೆದ್ರೆ ಎತ್ಕೊಂಡು ಹೋಗುತ್ತೆ. ಮೂತಿ ಆ ಕಡೆ ಇರ್ಬೇಕು" ಎಂದ. ಸೆರಗು ಕೊಡವಿಕೊಂಡು ಅವಳು ಅವನನ್ನು ದಿಟ್ಟಿಸಿದಳು. ಅವನು ಹೇಳಿದ್ದು ಸರಿಯಾಗಿಯೇ ಇತ್ತು ಎನ್ನುವುದು ಅವಳನ್ನು ಇನ್ನಷ್ಟು ರೇಗಿಸಿತು.

ಹಾಳೆ ಹೊದಿಸಿದ ದಿನದ ವಿಷಯವನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಗಾಳಿಯಿಲ್ಲದ ಬೆಳಗಿನ ಹೊತ್ತೇ ಆಗಬೇಕೆಂದು ಅವನು ಆರೂವರೆಗೇ ಬಂದಿದ್ದ. ಅಂಗಡಿಯ ವೆಲ್ಡರ್ ಪುಟ್ಟಣ್ಣ ಒಂದು ತುದಿಯಲ್ಲಿ ನಿಂತ. ಈ ಬದಿಗೆ ಅವಳು, ಆ ಬದಿಗೆ ಪ್ರೇಮ್. ಹಾಳೆ ಕಮಾನುಗಳ ಮೇಲೆ ಸರಸರ ಇಳಿದು ಇಬ್ಬರ ನಡುವೆ ನಿಂತಿತು.

"ಎಳೀರಿ ಮೇಡಂ. ಇನ್ನೂ ಸ್ವಲ್ಪ. ಸಾಕು, ಬಿಡ್ಬೇಡಿ."

ಹಾಳೆಯಾಚೆ ಅವನ ಮುಖ ಮಂಜಿನಲ್ಲಿ ಕಂಡಂತೆ ಕಾಣುತ್ತಿತ್ತು. ಅವನು ಸ್ಪ್ರಿಂಗ್ ಒತ್ತಿ ಹಾಳೆಯನ್ನು ಪಟ್ಟಿಗೆ ಸಿಕ್ಕಿಸುತ್ತ ಮುಂದೆ ಸರಿದಂತೆ ಅವಳೂ ಸರಿದಳು. ಒಂದು ಕಡೆ ಅವನು ನಿಂತ. ಅವಳೂ ನಿಂತಳು. ಅಲ್ಲಿ ಸಿಕ್ಕಿಸುವುದೇನೂ ಇರಲಿಲ್ಲ.

"ಏನಾಯ್ತು?" ಎಂದಳು.

"ಏನಿಲ್ಲ. ಬಿಗಿ ಬಂದಿದೆಯಾ ಅಂತ ನೋಡ್ತಿದ್ದೆ."

ಅವನು ಹಾಳೆಯನ್ನು ನೋಡುತ್ತಿರಲಿಲ್ಲ. ಮೂವತ್ಮೂರು ವರ್ಷದ ತನಗೆ ಈ ವಯಸ್ಸಿನಲ್ಲಿ ಹೀಗೆಲ್ಲ ಎದೆ ಹೊಡೆದುಕೊಳ್ಳುತ್ತದೆಂದು ಪವಿತ್ರ ಎಣಿಸಿರಲಿಲ್ಲ.

ಅಂಥವನು ಒಂದು ಬಾಗಿಲಿಗೆ ಹೀಗೆ ಸತಾಯಿಸುವುದೆಂದರೆ? ಎರಡು ದಿನಕ್ಕೊಮ್ಮೆ ಬರುತ್ತಿದ್ದ. ಒಂದು ಬೋಲ್ಟ್ ಬಿಗಿಯುತ್ತಿದ್ದ, ಅಳತೆ ನೋಡುತ್ತಿದ್ದ, ಪವಿತ್ರಳ ಅಮ್ಮ ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತಿದ್ದ ಕಾಫಿ ಕುಡಿಯುತ್ತಿದ್ದ, ಸಸಿಗಳ ಹೆಸರು ಕೇಳುತ್ತಿದ್ದ. "ಬಾಗ್ಲು?" ಎಂದರೆ ಮತ್ತೆ ಅದೇ ನಾಳೆ.

ಆ ಫೋನಿನ ಮಾರನೇ ದಿನ, ಗುರುವಾರ ಮಧ್ಯಾಹ್ನ, ಅವಳು ಗೊಬ್ಬರ ತರಲು ಹೋಗಿದ್ದಾಗ ಮಳೆ ಬಿತ್ತು. ಅರ್ಧ ಗಂಟೆಯ ಮಳೆ, ಅಷ್ಟೇ. ವಾಪಸು ಬಂದು ನೋಡಿದರೆ ಟಾರ್ಪಾಲು ಕಿತ್ತುಕೊಂಡು ಕಾಂಪೌಂಡಿನ ಮೇಲೆ ಬಿದ್ದಿತ್ತು. ಪಡುವಣ ತುದಿಯಿಂದ ನುಗ್ಗಿದ ನೀರು ಎಂಟು ಟ್ರೇ ಪೆಟೂನಿಯಾವನ್ನು ಮಗುಚಿ ಹಾಕಿತ್ತು. ಸಾಸಿವೆಗಿಂತ ಸಣ್ಣ ಬೀಜದಿಂದ ಒಂದೊಂದಾಗಿ ಎಬ್ಬಿಸಿದ ಸಸಿಗಳು ಕೆಸರಿಗೆ ಅಂಟಿಕೊಂಡಿದ್ದವು. ಅವಳು ಮೊಣಕಾಲೂರಿ ಕೂತು ಬೆರಳಿನಿಂದ ಎತ್ತಿ ನಿಲ್ಲಿಸಲು ನೋಡಿದಳು. ಒಂದೂ ನಿಲ್ಲಲಿಲ್ಲ.

ಕೈ ಕೂಡ ತೊಳೆಯದೆ ಸ್ಕೂಟರ್ ಹತ್ತಿದಳು.

ಅಂಗಡಿಯಲ್ಲಿ ಪುಟ್ಟಣ್ಣ ಒಬ್ಬನೇ ಇದ್ದ. "ಪುಟ್ಟಣ್ಣ, ನನ್ ಬಾಗ್ಲು ಎಷ್ಟು ಆಗಿದೆ? ನಿಜ ಹೇಳಿ."

"ಬಾಗ್ಲಾ? ಅದಾಗಿ ಮೂರು ವಾರ ಆಯ್ತು ಕಣಮ್ಮ. ಒಳಗೇ ಒರಗ್ಸಿವ್ನಿ. ಸಾಹೇಬ್ರೇ ಈಗ್ಲೇ ಬ್ಯಾಡ ಅಂದ್ರು."

ಅವಳು ಒಳಗೆ ಹೋಗಿ ನೋಡಿದಳು. ಗೋಡೆಗೊರಗಿದ್ದ ಬಾಗಿಲಿಗೆ ಬಣ್ಣವೂ ಆಗಿತ್ತು, ಚಿಲಕವೂ ಇತ್ತು. ಹಿಂದಿನಿಂದ ಹೆಜ್ಜೆ ಸಪ್ಪಳವಾಯಿತು. ಪ್ರೇಮ್ ಅವಳ ಕೈಯ ಕೆಸರು ನೋಡಿ ಅಲ್ಲೇ ನಿಂತ. ಪುಟ್ಟಣ್ಣ ಬೀಡಿಯ ನೆಪ ಮಾಡಿಕೊಂಡು ಬೀದಿಗಿಳಿದ.

"ಯಾಕೆ?" ಎಂದಳು.

"ಬಾಗ್ಲು ಹಾಕಿದ್ರೆ ಕೆಲಸ ಮುಗಿಯುತ್ತೆ."

"ಮುಗೀಲಿ ಅಂತ ತಾನೇ ನಾನು ಬಡ್ಕೊಂಡಿದ್ದು."

"ಮುಗಿದ್ಮೇಲೆ ಅಲ್ಲಿಗೆ ಬರೋಕೆ ನಂಗೆ ಯಾವ ನೆಪಾನೂ ಇರಲ್ಲ." ಅವನು ತಲೆ ಎತ್ತಲಿಲ್ಲ. "ನಿಮ್ಮನ್ನ ನೋಡ್ದೆ ಇರೋಕೆ ಆಗ್ಲಿಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಕರಗುತ್ತಿದ್ದಳೋ ಏನೋ. "ಎಂಟು ಟ್ರೇ ಹೋಯ್ತು, ಪ್ರೇಮ್. ಪೆಟೂನಿಯಾ ಈಗ ಮತ್ತೆ ಬಿತ್ತಿದ್ರೂ ದಸರಾಗೆ ಬರಲ್ಲ. ನೋಡ್ಬೇಕು ಅನ್ಸಿದ್ರೆ ನೋಡ್ಬೇಕು ಅಂತ ಹೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?"

"ಇತ್ತು." ಎಂದ ಅವನು. "ಮೊದಲ್ನೇ ದಿನಾನೇ ನಿಮ್ಮಮ್ಮ ಕೇಳಿದ್ರು, ಯಾವೂರಪ್ಪ, ತಂದೆ ಹೆಸರೇನು ಅಂತ. ಚೆಲುವಯ್ಯ ಅಂದೆ, ಊರು ಹೇಳ್ದೆ, ಯಾವ ಬೀದಿ ಅಂದ್ರು, ಅದನ್ನೂ ಹೇಳ್ದೆ. ಅವತ್ತಿಂದ ನಂಗೆ ಪೇಪರ್ ಕಪ್ಪಲ್ಲಿ ಕಾಫಿ. ಪುಟ್ಟಣ್ಣಂಗೆ ಸ್ಟೀಲ್ ಲೋಟ. ನಂಗೇನು ಇದು ಹೊಸದಲ್ಲ. ಆದ್ರೆ ಆ ಕಪ್ಪು ಹಿಡ್ಕೊಂಡು ನಿಮ್ಮ ಹತ್ರ ಇನ್ನೇನು ಮಾತಾಡ್ಲಿ?"

ಪವಿತ್ರಳಿಗೆ ನೆನಪಾಯಿತು. ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದದ್ದು ನಿಜ. ಆದರೆ ಆ ಕಪ್ಪನ್ನು ಅವನ ಕೈಗೆ ಕೊಟ್ಟಿದ್ದು ಪ್ರತಿ ಸಲವೂ ತಾನೇ. ಒಂದು ಸಲವೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ಅದು ನಮ್ಮ ತಪ್ಪು" ಎಂದಳು ಕೊನೆಗೆ. "ನಂದೂ ತಪ್ಪು. ಆದ್ರೆ ಅದಕ್ಕೆ ನನ್ನ ಸಸಿಗಳು ಏನ್ ಮಾಡಿದ್ವು?"

"ಏನೂ ಮಾಡಿಲ್ಲ. ನಾನು ಮಾಡಿದ್ದು ತಪ್ಪೇ" ಎಂದ ಅವನು.

ಮಾರನೇ ಬೆಳಗ್ಗೆ ಅವನು ಬಾಗಿಲು ತಂದ. ಮುಕ್ಕಾಲು ಗಂಟೆಯಲ್ಲಿ ಕೂರಿಸಿದ. ಮೂರು ಸಲ ತೆಗೆದು ಹಾಕಿ ನೋಡಿ, "ಬರ್ತೀನಿ ಮೇಡಂ" ಎಂದು ಹೊರಟುಹೋದ. ತಿರುಗಿ ನೋಡಲಿಲ್ಲ.

ಪವಿತ್ರ ಚೆಂಡುಹೂವು, ಜಿನ್ನಿಯಾ ಬಿತ್ತಿದಳು. ಅವಾದರೆ ದಸರಾ ಹೊತ್ತಿಗೆ ಬರುತ್ತವೆ. ಪೆಟೂನಿಯಾ ಕೇಳಿದವರಿಗೆಲ್ಲ ಈಗಲೇ ಫೋನ್ ಮಾಡಿ ಹೇಳಿದಳು. ಇಬ್ಬರು ಗೊಣಗಿದರು, ಉಳಿದವರು ಒಪ್ಪಿದರು. ಮಳೆ ದಿನವೂ ಬಂತು. ಟನಲ್ ಒಳಗೆ ಒಂದು ಹನಿ ಬೀಳಲಿಲ್ಲ. ಒಂದು ಬೋಲ್ಟ್ ಸಡಿಲವಾಗಲಿಲ್ಲ, ಚಿಲಕ ಕಿರುಗುಟ್ಟಲಿಲ್ಲ. ಹತ್ತು ದಿನ ಅವಳು ಮೂಲೆಮೂಲೆ ಹುಡುಕಿದಳು. ಕರೆಸಿಕೊಳ್ಳಲು ಒಂದು ದೋಷವೂ ಸಿಗದಂತೆ ಕೆಲಸ ಮಾಡಿಟ್ಟಿದ್ದ ಮಹರಾಯ. ತಾನು ಹುಡುಕುತ್ತಿರುವುದು ನೆಪವನ್ನೇ ಎಂದು ಹೊಳೆದಾಗ ಕೈಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದಳು.

ಅವತ್ತು ಸಂಜೆ ಬನ್ನಿಮಂಟಪದ ಮನೆಯಲ್ಲಿ ಅಮ್ಮ ಚಾಮುಂಡಮ್ಮ ಸೊಪ್ಪು ಬಿಡಿಸುತ್ತಿದ್ದರು. ಪವಿತ್ರ ಎದುರು ಕೂತು ನೇರವಾಗಿ ಕೇಳಿದಳು. "ಪ್ರೇಮ್‌ಗೆ ಯಾಕೆ ಪೇಪರ್ ಕಪ್ಪು?"

ಅಮ್ಮನ ಕೈ ನಿಂತಿತು. "ಅದೇನೋ ಅಭ್ಯಾಸ ಕಣೆ. ಬೇಕೂಂತ ಮಾಡಿದ್ದಲ್ಲ."

"ಬೇಕೂಂತಾನೇ ಕಣಮ್ಮ. ಅವರಪ್ಪನ ಹೆಸರು ಕೇಳಿ, ಬೀದಿ ಕೇಳಿ ಆಮೇಲೆ ಮಾಡಿದ್ದು. ನಾನೇ ಕೈಯಾರೆ ತಗೊಂಡೋಗಿ ಕೊಟ್ಟೆ. ನಂಗೆ ಮುಖ ಎತ್ತೋಕಾಗ್ತಿಲ್ಲ."

ಚಾಮುಂಡಮ್ಮ ಮಗಳ ಮುಖ ನೋಡಿದರು. "ಆ ಹುಡುಗ ನಿಂಗೆ ಬೇಕಾ?"

"ಬೇಕು."

ಯಾರಿಗೂ, ತನಗೂ ಹೇಳಿಕೊಂಡಿರದ ಮಾತು ಅಮ್ಮನ ಮುಂದೆ ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಅಚ್ಚರಿಯಾಯಿತು.

ಅಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟರು. "ನಿಮ್ಮಪ್ಪ ಸುಲಭಕ್ಕೆ ಒಪ್ಪೋ ಮನುಷ್ಯ ಅಲ್ಲ. ನಂಗೂ ಇದು ಒಂದೇ ದಿನಕ್ಕೆ ಒಳಗೆ ಇಳಿಯಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಡ್ಡ ನಿಲ್ಲಲ್ಲ. ನಾನು ಮಾಡಿದ್ದು ತಪ್ಪು ಅಂತ ಆ ಹುಡುಗನಿಗೆ ನಾನೇ ಹೇಳ್ತೀನಿ. ನೀನು ಹೇಳ್ಬೇಡ."

ಭಾನುವಾರ ಅವಳು ಲಷ್ಕರ್ ಮೊಹಲ್ಲಾಕ್ಕೆ ಹೋದಾಗ ಅಂಗಡಿಯ ಷಟರ್ ಎಳೆದಿತ್ತು. ಮನೆ ಮಹಡಿಯ ಮೇಲೆ. ಬಾಗಿಲು ತೆರೆದವರು ಅವನ ತಂದೆ ಚೆಲುವಯ್ಯ. ಅವರ ಹಿಂದಿನ ಗೋಡೆಯ ಮೇಲೆ ಬುದ್ಧನ ಚಿತ್ರಪಟ, ಅದರ ಪಕ್ಕ ಬಾಬಾಸಾಹೇಬರ ಫೋಟೋ.

"ಯಾರಮ್ಮ? ಕೆಲಸದ ವಿಷಯನಾ? ಇವತ್ತು ಅಂಗಡಿ ರಜ."

"ಕೆಲಸದ ವಿಷಯ ಅಲ್ಲ ಅಂಕಲ್. ಪ್ರೇಮ್ ಅವರನ್ನ ನೋಡೋಕೆ ಬಂದೆ."

ಅಡುಗೆಮನೆಯಿಂದ ಬಂದ ಪ್ರೇಮ್ ಕೈಯಲ್ಲಿ ಸಾರಿನ ಸೌಟು ಹಿಡಿದೇ ನಿಂತುಬಿಟ್ಟ.

"ನಂಗಿನ್ನೂ ಕೋಪ ಇದೆ" ಎಂದಳು ಪವಿತ್ರ.

"ಗೊತ್ತು."

"ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರ್ಲಿ."

"ಮನೇಲಿ ಹೇಳ್ಬುಟ್ಟೆ. ಅಮ್ಮ ನಿಮ್ಮ ಹತ್ರ ಮಾತಾಡ್ಬೇಕಂತೆ. ಅಪ್ಪಂಗೆ ಇನ್ನೂ ಹೇಳಿಲ್ಲ. ದೊಡ್ಡ ಜಗಳ ಆಗುತ್ತೆ."

"ಏನಂತ ಹೇಳಿದ್ರಿ?"

ಅವಳು ಚೆಲುವಯ್ಯನವರ ಕಡೆ ನೋಡಿದಳು, ನೆಲ ನೋಡಿದಳು. "ನೀವು ಬೇಕು ಅಂತ."

ಸೌಟಿನಿಂದ ಸಾರು ತೊಟ್ಟಿಕ್ಕಿತು. ಚೆಲುವಯ್ಯ ಒಮ್ಮೆ ಗಂಟಲು ಸರಿಮಾಡಿಕೊಂಡು, "ಮೊದ್ಲು ಕೈ ತೊಳ್ಕೊಂಡು ಕೂತ್ಕೊಳಮ್ಮ. ಮುದ್ದೆ ಆರೋಗುತ್ತೆ" ಎಂದರು.

ಅವಳು ಕೈ ತೊಳೆದು ಅವನ ಎದುರಿಗೆ ನೆಲದ ಮೇಲೆ ಕೂತಳು. ಉಪ್ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೇ ಎಂದು ಅವಳು ಅಂದುಕೊಂಡಳು.

"ನಾನೇ ಮೊದ್ಲು ಕೇಳ್ಬೇಕಿತ್ತು" ಎಂದ ಅವನು ಸಣ್ಣ ದನಿಯಲ್ಲಿ.

"ಹೌದು, ಕೇಳ್ಬೇಕಿತ್ತು. ಈಗ ಕೇಳಿ."

ಅವನು ಅಪ್ಪನ ಮುಖ ನೋಡಿದ. ಚೆಲುವಯ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಮದುವೆಯಾಗ್ತೀರಾ ಎಂದು ಪ್ರೇಮ್ ಕೇಳಿದ. ತೊದಲಿದ, ಮಧ್ಯೆ ಒಂದು ಸಲ ಮೇಡಂ ಎಂದ, ನಾಲಿಗೆ ಕಚ್ಚಿಕೊಂಡ, ಆದರೂ ಪೂರ್ತಿ ಕೇಳಿದ.

ಪವಿತ್ರಳ ಬಾಯಲ್ಲಿ ತುತ್ತಿತ್ತು. ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಕಾಯಲಿ, ಎಂದುಕೊಂಡು ಅವಳು ನಿಧಾನವಾಗಿ ನುಂಗಿದಳು. ನೀರು ಕುಡಿದಳು. ಆಮೇಲೆ "ಹೂಂ" ಎಂದು, ಇನ್ನಷ್ಟು ಸಾರಿಗೆ ತಟ್ಟೆ ಮುಂದೆ ನೂಕಿದಳು.