ಟೆಸ್‌ಳನ್ನು ಬರೆಸಿಕೊಂಡವರು ಯಾರು?

ಬೆಳಿಗ್ಗೆ ಕಳಿಸಿದ ರೊಂಡಾ ಕ್ರುಪಾಳ ತೆರಿಗೆ ವಿವರ ಊಟದ ಹೊತ್ತಿಗೆ ತಿರಸ್ಕೃತವಾಗಿ ವಾಪಸ್ ಬಂತು. ತೆರಿಗೆ ರಿಯಾಯಿತಿಗಾಗಿ ಅವಲಂಬಿತಳೆಂದು ಬರೆಸಿದ್ದ ಮಗಳು ಟೆಸ್‌ಳ ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಇನ್ಯಾರೋ ಆಗಲೇ ಬಳಸಿದ್ದರು; ಒಂದು ನಂಬರನ್ನು ಒಬ್ಬರು ಮಾತ್ರ ಬರೆಸಿಕೊಳ್ಳಬಹುದು. ಯಾರು? ತೆರಿಗೆ ಇಲಾಖೆ ಅದನ್ನು ಮಾತ್ರ ಎಂದೂ ಹೇಳುವುದಿಲ್ಲ.

ಅರ್ಡಿಸ್ ಮ್ಯಾಲೊಯ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಯಂಗ್ಸ್‌ಟೌನಿನಲ್ಲಿ ಲಾಂಡ್ರಿಯ ಪಕ್ಕದ ಈ ಕೋಣೆಯಲ್ಲಿ ಕೂತು ಊರವರ ತೆರಿಗೆ ವಿವರ ತುಂಬಿಕೊಟ್ಟು ಅವಳಿಗೆ ವಯಸ್ಸಾಗಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ವಿಚ್ಛೇದನವಾದವರದು ತೆರಿಗೆಯ ಗಡುವು ಬರುವ ಪ್ರತಿ ಏಪ್ರಿಲ್‌ಗೂ ಮತ್ತೆ ಎದ್ದು ಕೂರುತ್ತದೆ. ಅವಳಿಗೆ ಸಾಕಾಗಿಹೋಗಿತ್ತು.

“ಡ್ವೇನ್ ಬಿಟ್ರೆ ಇನ್ಯಾರು?” ಎಂದಳು ಎದುರಿಗೆ ಕೂತಿದ್ದ ರೊಂಡಾ. “ಕಾಲೇಜಿಗೆ ಹೋಗೋವಾಗ ಒಂದು ಕಂಬಳಿ ಕೊಡಿಸಿದವನಲ್ಲ. ತನ್ನ ಲೆಕ್ಕಕ್ಕೆ ಬರೆಸ್ಕೊಳ್ಳೋಕೆ ಮಾತ್ರ ಮುಂದು.”

ಮಾಜಿ ಗಂಡನ ಮೇಲೆ ಈ ಸಲ ಕೋರ್ಟಿಗೇ ಹೋಗುವುದೆಂದು ಅವಳು ತೀರ್ಮಾನಿಸಿದ್ದಳು. ಮೇ ತಿಂಗಳಲ್ಲಿ ಟೆಸ್‌ಳ ಪದವಿ ಸಮಾರಂಭ. ಅಲ್ಲಿಗೂ ಅವನು ಕಾಲಿಡಬಾರದು. ಪಕ್ಕದ ಕುರ್ಚಿಯಲ್ಲಿದ್ದ ಟೆಸ್ ತಲೆ ಎತ್ತಲಿಲ್ಲ.

ಅರ್ಡಿಸ್ ಒಂದೊಂದಾಗಿ ಕೇಳಿದಳು. ಹೋದ ವರ್ಷ ಹುಡುಗಿ ಎಲ್ಲಿದ್ದಳು? ಹಾಸ್ಟೆಲಿನಲ್ಲಿ. ರಜೆಗೆ? ತಾಯಿಯ ಮನೆಗೆ. ತಂದೆಯ ಬಳಿ? ಟೊಲೀಡೊಗೆ ಅಪರೂಪಕ್ಕೊಮ್ಮೆ. ಹಾಗಾದರೆ ಕಾನೂನು ತಾಯಿಯ ಕಡೆಗೇ ಇತ್ತು — ಓದಲು ಹೋಗಿ ಹಾಸ್ಟೆಲಿನಲ್ಲಿ ಮಲಗಿದ ರಾತ್ರಿಗಳೂ ಮನೆಯ ಲೆಕ್ಕಕ್ಕೇ ಸೇರುತ್ತವೆ.

“ಡ್ವೇನ್ ಈಚೆಗೆ ಏನಾದ್ರೂ ಅಂದಿದ್ನಾ?”

ಶನಿವಾರ ಫೋನಿನಲ್ಲಿ ಬೈಗುಳದ ಧ್ವನಿಸಂದೇಶ ಬಿಟ್ಟಿದ್ದಾನೆ, ಅದೇನು ಹೊಸದಲ್ಲ, ಎರಡು ಮಾತು ಕೇಳಿ ಬಂದ್ ಮಾಡಿದೆ ಎಂದಳು ರೊಂಡಾ. ಪೂರ್ತಿ ಕೇಳಿಸಿ ಎಂದಳು ಅರ್ಡಿಸ್. ರೊಂಡಾ ಒಲ್ಲದ ಮನಸ್ಸಿನಿಂದ ಒತ್ತಿದಳು. ಬೈಗುಳಗಳ ಕೊನೆಗೆ ಗಂಡಸಿನ ಬಳಲಿದ ದನಿ: “ಈ ವರ್ಷಾನೂ ನೀನೇ ಮೊದಲು ಬರೆಸ್ಕೊಂಡ್ಯಲ್ಲ, ಸಮಾಧಾನ ಆಯ್ತಾ?”

“ನೋಡಿದ್ರಾ, ನನ್ನ ಮೇಲೇ —”

“ರೊಂಡಾ, ನೀವು ಕಳಿಸಿದ್ದು ಇವತ್ತು,” ಎಂದಳು ಅರ್ಡಿಸ್. “ಶನಿವಾರ ನೀವಿನ್ನೂ ಏನೂ ಕಳಿಸಿರಲಿಲ್ಲ. ಅಂದ್ರೆ ಅವನದೂ ವಾಪಸ್ ಬಂದಿದೆ. ಅವನೇ ಬರೆಸ್ಕೊಂಡಿದ್ರೆ ನಿಮ್ಮನ್ನ ಯಾಕೆ ಬಯ್ತಿದ್ದ?”

ಇಬ್ಬರೂ ಅಲ್ಲವೆಂದರೆ ಮೂರನೆಯವರು. ಟೆಸ್‌ಳ ನಂಬರು ಗೊತ್ತಿದ್ದು, ಇವರಿಬ್ಬರಿಗಿಂತ ಮೊದಲು ತೆರಿಗೆ ವಿವರ ಕಳಿಸಿದವರು. ಅರ್ಡಿಸ್ ಕುರ್ಚಿ ತಿರುಗಿಸಿದಳು.

“ಕಾಲೇಜಿನ ಕ್ಯಾಂಟೀನಲ್ಲಿ ಕೆಲಸ ಮಾಡ್ತೀಯಲ್ಲ, ಮಗು. ಸಂಬಳದಲ್ಲಿ ಹಿಡಿದ ತೆರಿಗೆ ವಾಪಸ್ ಕೇಳಿದ್ಯಾ?”

“ಫೆಬ್ರವರೀಲಿ.”

“ನಿನ್ನನ್ನ ಬೇರೆ ಯಾರಾದ್ರೂ ಬರೆಸ್ಕೊಳ್ಳಬಹುದಾ ಅಂತ ಒಂದು ಪ್ರಶ್ನೆ ಇರತ್ತೆ.”

“ಇಲ್ಲ ಅಂತ ಹಾಕ್ದೆ.”

ಅಂದರೆ ಅವಳನ್ನು ಬರೆಸಿಕೊಂಡವಳು ಅವಳೇ. ಓದದೆ ಒತ್ತುವ ಮಕ್ಕಳು ಎಷ್ಟೋ ಜನ. ತಿದ್ದಿದರಾಯಿತು ಎಂದು ಅರ್ಡಿಸ್ ಅವಳಿಗೊಂದು ದಾರಿ ಬಿಟ್ಟುಕೊಟ್ಟಳು. ಹುಡುಗಿ ಅದನ್ನು ಹಿಡಿಯಲಿಲ್ಲ.

“ತಪ್ಪಿ ಅಲ್ಲ. ಓದಿಯೇ ಹಾಕಿದ್ದು. ಪ್ರತಿ ವರ್ಷ ನಾನು ಯಾರವಳು ಅಂತ ಕಿತ್ತಾಡ್ತೀರ. ಯಾರಿಗೂ ಸಿಗದಿದ್ರೆ ಸುಮ್ನಾಗ್ತೀರ ಅಂದ್ಕೊಂಡೆ. ನಂಗೆ ಸಾಕಾಗಿದೆ, ಅಮ್ಮ.”

ಆದರೂ ಅರ್ಡಿಸ್ ಹೇಳಬೇಕಾದ್ದನ್ನು ಹೇಳಿದಳು: ಇಪ್ಪತ್ತನಾಲ್ಕು ತುಂಬದ ವಿದ್ಯಾರ್ಥಿನಿ, ಅರ್ಧಕ್ಕಿಂತ ಹೆಚ್ಚು ಖರ್ಚು ತಾನೇ ನಿಭಾಯಿಸದಿದ್ದರೆ, ಯಾರವಳೂ ಅಲ್ಲ ಎಂದು ಬರೆಯುವ ಸ್ವಾತಂತ್ರ್ಯ ಕಾನೂನಿನಲ್ಲಿಲ್ಲ. ಟೆಸ್ ತಿದ್ದಿ ಕಳಿಸಬೇಕು. ಈ ವರ್ಷ ಅವಳು ತಾಯಿಯ ಪಾಲಿಗೇ.

ಗೆದ್ದ ರೊಂಡಾಳ ಮುಖದಲ್ಲಿ ಗೆಲುವಿರಲಿಲ್ಲ. ಅವಳು ಫೋನ್ ಎತ್ತಿಕೊಂಡಳು. ವಕೀಲರಿಗೆ ಇರಬೇಕೆಂದುಕೊಂಡಳು ಅರ್ಡಿಸ್.

“ಡ್ವೇನ್, ಕೂಗ್ಬೇಡ, ಕೇಳು,” ಎಂದಳು ರೊಂಡಾ. “ನೀನೂ ಕದ್ದಿಲ್ಲ, ನಾನೂ ಕದ್ದಿಲ್ಲ. ಇಬ್ರೂ ಸೇರಿ ಅವಳನ್ನ ಕಳ್ಕೊಳ್ತಾ ಇದ್ದೀವಿ. ಮೇ ತಿಂಗಳಲ್ಲಿ ಪದವಿ ಸಮಾರಂಭಕ್ಕೆ ಬಾ.”