ಬೂಸ್ಟಿನ ಹಲಗೆ

"ಅಯ್ಯಯ್ಯೋ, ಸುಣ್ಣಕಟ್ಟು ಕಣವ್ವಾ, ಸುಣ್ಣಕಟ್ಟು ಬಂದ್ಬುಡ್ತು!"

ರೇಷ್ಮೆಹುಳುವಿನ ಮನೆಯಿಂದ ಶಂಕರಮ್ಮಜ್ಜಿಯ ಕೂಗು ಕೇಳಿದ್ದೇ ತಡ, ಹಲ್ಲುಜ್ಜುತ್ತಿದ್ದ ರೂಪ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿದಳು.

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೈಯಲ್ಲೊಂದು ಡಬ್ಬ ಹಿಡಿದು ಒಲೆಯ ಕಡೆ ಹೊರಟಿದ್ದಳು. ಡಬ್ಬದ ತುಂಬ ಹತ್ತಿ ಮೆತ್ತಿದ ಹಾಗೆ ಬೆಳ್ಳಗೆ!

"ಅಜ್ಜೀ, ಸುಡ್ಬೇಡ! ಅದು ನನ್ ಸೈನ್ಸ್ ಪ್ರಾಜೆಕ್ಟು! ಸೋಮವಾರ ಸ್ಕೂಲಲ್ಲಿ ಇಡ್ಬೇಕು!"

"ನಿನ್ ಪ್ರಾಜೆಕ್ಟು ಮಡಗಕ್ಕೆ ನನ್ ಹುಳಿನ ಮನೇನೇ ಬೇಕಾಗಿತ್ತಾ?"

"ಕತ್ಲೆ ಇರ್ಬೇಕು, ತಂಪಾಗಿರ್ಬೇಕು ಅಂದ್ರು ಮಂಗಳ ಮಿಸ್ಸು. ಅದ್ಕೇ..."

ಬೇಯಿಸಿದ ಹುಲ್ಲಿನ ಚೂರಿಗೆ ಅಣಬೆ ಬೀಜ ಬೆರೆಸಿ ರೂಪ ಡಬ್ಬಕ್ಕೆ ತುಂಬಿದ್ದಳು. ಬಿಳಿ ಎಳೆಗಳು ಬೆಳೆದು ಹುಲ್ಲನ್ನೆಲ್ಲ ಹೆಣೆದುಬಿಡುತ್ತವೆ. ಒಣಗಿಸಿದರೆ ಹಗುರವಾದ ಹಲಗೆ. ಚಾವಣಿಯ ತಗಡಿನ ಕೆಳಗೆ ಥರ್ಮಾಕೋಲ್ ಬದಲು ಅದನ್ನೇ ಹೊಡೆದರೆ ಮನೆಗೆ ಬಿಸಿಲಿನ ಕಾವು ಇಳಿಯುವುದಿಲ್ಲವಂತೆ.

ಪಕ್ಕದ ಮನೆಯ ಗುರುಪ್ರಕಾಶ ಗೋಡೆಯ ಮೇಲಿಂದ ಇಣುಕಿದ.

"ಏನಮ್ಮೀ ಅದು?"

"ಬೂಸ್ಟು ಕಣ್ಲಾ."

"ಆಲಿಗಾಕ್ಕಂಡು ಕುಡಿಯಾದಾ?"

"ನಿನ್ ತಲೆ! ಅಣಬೆ ಬೂಸ್ಟು!"

"ನನ್ ಪ್ರಾಜೆಕ್ಟಿನ ಥರ್ಮಾಕೋಲ್ ಮನೇನೇ ವಾಸಿ. ಬೂಸ್ಟೂ ಇಲ್ಲ, ಗೀಸ್ಟೂ ಇಲ್ಲ," ಎಂದು ಕಿಸಕ್ಕನೆ ನಕ್ಕು ಅವನು ಕೆಳಗಿಳಿದ.

ಅಜ್ಜಿಗೆ ನಗು ಬರಲಿಲ್ಲ. "ಓದ್ಸಲ ಸುಣ್ಣಕಟ್ಟು ರೋಗ ಬಂದು ನಮ್ ಹುಳಾನೂ ಹಿಂಗೇ ಬೆಳ್ಳಗಾದೊ ಕಣವ್ವ. ಸುಣ್ಣದ ಕಡ್ಡಿ ಹಂಗೆ ಸೆಟ್ಕಂಡೊ. ಮುರುದ್ರೆ ಲಟ್ ಅನ್ನವು. ಒಂದು ತಟ್ಟೇಲಿ ಸುರುವಾಗಿದ್ದು, ಇಡೀ ಮನೇಗೇ ಅಂಟ್ಕತು."

ರೂಪ ಅಜ್ಜಿಯ ಕೈಯಿಂದ ಡಬ್ಬ ಇಸಿದುಕೊಂಡು ಬೋರಲು ಹಾಕಿ ತಟ್ಟಿದಳು. ಇಟ್ಟಿಗೆಯಂಥ ಗಟ್ಟಿ ಹೊರಬಂತು. ಒಂದು ಹುಲ್ಲೂ ಉದುರಲಿಲ್ಲ. ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದವು ಆ ಎಳೆಗಳು. ಅವಳಿಗೆ ಥಟ್ಟನೆ ಏನೋ ಹೊಳೆಯಿತು.

"ಅಜ್ಜಿ, ಹುಳದ ಒಳಗೂ ಹಿಂಗೇ ಎಳೆ ಬೆಳೀತಿತ್ತಾ? ಅದ್ಕೇ ಸೆಟ್ಕಂತಿದ್ವಾ?"

"ಇರ್ಬೋದು ಕಣವ್ವ. ನಾನೇನು ಒಳಗೋಗಿ ನೋಡಿದ್ನಾ?"

"ಆದ್ರೆ ಇದು ಬೇರೆ ಜಾತಿದು. ಹುಲ್ಲು ತಿಂತದೆ, ಹುಳ ತಿನ್ನಕಿಲ್ಲ."

"ಹಂಗಂತ ಅದಕ್ಕೆ ಯಾರು ಏಳವ್ರೆ?"

ಮಿಸ್ಸನ್ನು ಇದೊಂದು ಮಾತು ರೂಪ ಕೇಳಿರಲೇ ಇಲ್ಲ.

ಅಜ್ಜಿ ಹೆಬ್ಬೆರಳಿನಿಂದ ಆ ಗಟ್ಟಿಯನ್ನು ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. "ತಗಡಿನ ಕಾವು ತಡೀತದಾ ಇದು?"

"ಒಣಗುದ್ರೆ ತಡೀತದಂತೆ."

"ಬ್ಯಾಸ್ಗೇಲಿ ಹುಳಿಗೆ ತಂಪಾಗ್ಲಿ ಅಂತ ಒದ್ದೆ ಗೋಣಿ ಕಟ್ಟೀ ಕಟ್ಟೀ ನನ್ ಸೊಂಟ ಬಿದ್ದೋಯ್ತದೆ... ಓಗು, ದೂರ ತಕಂಡೋಗಿ ಬಿಸ್ಲಿಗಾಕು. ಹುಳಿನ ಮನೆ ವಸ್ಲು ಮಾತ್ರ ದಾಟ್ಕೂಡ್ದು."

ರೂಪ ಅದನ್ನು ಹಿತ್ತಲಾಚೆಯ ಬಂಡೆಯ ಮೇಲಿಟ್ಟು ಬಂದಳು. ಹಲಗೆ ಉಳಿಯಿತು ಎಂದು ಕುಣಿಯಬೇಕಿತ್ತು. ಆದರೆ ಒಳಗೆ ಅಜ್ಜಿ ಕೈ ತೊಳೆದುಕೊಂಡು ಬಂದು ಪ್ರತಿ ತಟ್ಟೆಯ ಮೇಲೂ ಬಗ್ಗಿ, ಸೊಪ್ಪು ಸರಿಸಿ ಸರಿಸಿ ಹುಳಗಳನ್ನು ನೋಡುತ್ತಿದ್ದಳು. ರೂಪ ಬಾಗಿಲಲ್ಲೇ ನಿಂತಳು.

"ಬೆಳ್ಳಗೆ ಸೆಟ್ಕಂಡಿರವು ಯಾವಾದ್ರೂ ಅವ್ಯಾ ಅಜ್ಜಿ?"

"ಒಂದೂ ಇಲ್ಲ ಕಣವ್ವ. ಎಲ್ಲಾ ಸೆಂದಾಗವೆ. ಬಾ, ಸೊಪ್ಪಾಕು ಬಾ."

ರೂಪ ಬೂಸ್ಟು ಮುಟ್ಟಿದ ತನ್ನ ಕೈ ನೋಡಿಕೊಂಡಳು, ಲಂಗ ನೋಡಿಕೊಂಡಳು.

"ತಡಿ ಅಜ್ಜಿ, ಸ್ನಾನ ಮಾಡ್ಕಂಡು ಬತ್ತೀನಿ," ಎಂದು ಬಚ್ಚಲ ಕಡೆ ನಡೆದಳು.